ಬ್ಯಾನರ್ ಬದಲಾಯಿಸಿಕೊಂಡು ಬಂದರೆ ಮುಗಿಯಿತಾ?

ಬೇರೆ ದೇಶಕ್ಕೆ ಹೋಗುವ ರೋಟರಿ ಗೆಳೆಯರಿಗೆ ನನ್ನದೊಂದು ಮನವಿ ಇದೆ. ಅಲ್ಲಿನ ಕ್ಲಬ್ಬಿನ ಮೀಟಿಂಗಿಗೆ ಖಂಡಿತ ಹೋಗಿ. ಆದರೆ ನಮ್ಮ ಕ್ಲಬ್ಬಿನ ಹೆಸರಿರುವ ಪುಟ್ಟ ಬ್ಯಾನರ್ ಕೊಟ್ಟು, ಅವರದ್ದು ಇಸಕೊಂಡು, ಅಧ್ಯಕ್ಷರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಅಷ್ಟಕ್ಕೇ ಎದ್ದು ಬರಬೇಡಿ.

ಬ್ಯಾನರ್ ಬೇಡ ಅಂತ ನಾನು ಹೇಳುತ್ತಿಲ್ಲ. ಗುರುತೇ ಇಲ್ಲದ ಊರಲ್ಲಿ, ಗುರುತೇ ಇಲ್ಲದ ಜನ ನಮ್ಮನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ ಅನ್ನುವುದೇ ದೊಡ್ಡ ವಿಷಯ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂವರು ಪರಿಚಯದವರ ಜೊತೆ ಕೂತು ರೋಟರಿ ಶುರು ಮಾಡಿದಾಗ ಅವರಿಗೆ ಬೇಕಿದ್ದದ್ದೂ ಇಂಥ ಸ್ನೇಹವೇ. ದೊಡ್ಡ ನಗರದಲ್ಲಿ ಅವರು ಒಂಟಿಯಾಗಿದ್ದರು. ಆದರೆ ಆ ಗುಂಪು ಬರೀ ಹರಟೆಯಲ್ಲಿ ನಿಲ್ಲಲಿಲ್ಲ. ಒಂದೆರಡು ವರ್ಷದಲ್ಲೇ ಊರಿಗೊಂದು ಸಾರ್ವಜನಿಕ ಶೌಚಾಲಯ ಬೇಕು ಅಂತ ಹೊರಟರು. ಸ್ನೇಹ ಮೊದಲು, ಆಮೇಲೆ ಅದರಿಂದ ಹುಟ್ಟಿದ ಕೆಲಸ. ಹೊರದೇಶದ ಭೇಟಿಯೂ ಹಾಗೇ ಆಗಬೇಕು ಅನ್ನುವುದು ನನ್ನ ಆಸೆ.

ನಾವು ಹೋಗಿದ್ದ ಹೊರದೇಶದ ಒಂದು ಊರಲ್ಲಿ ನಮ್ಮ ಆತಿಥೇಯರು ಮ್ಯೂಸಿಯಂ ಬಿಟ್ಟು ತಾವು ನಡೆಸುವ ಆಹಾರ ಹಂಚುವ ಜಾಗಕ್ಕೆ ಕರೆದುಕೊಂಡು ಹೋದರು. ಡಬ್ಬಗಳ ಮೇಲಿನ ತಾರೀಕು ನೋಡಿ ಬೇರೆ ಮಾಡುವ ಕೆಲಸ ನಮಗೂ ಕೊಟ್ಟರು. ಕೈ ಕೆಲಸ ಮಾಡುತ್ತಿರುವಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅಲ್ವಾ? ಹೊಸಬರು ಸೇರುತ್ತಿಲ್ಲ, ಇರುವವರಿಗೆ ವಯಸ್ಸಾಗುತ್ತಿದೆ, ಭಾರ ಎತ್ತುವವರೇ ಇಲ್ಲ ಅಂತ ಅಲ್ಲಿನ ಹಿರಿಯ ಸದಸ್ಯೆಯೊಬ್ಬರು ಹೇಳಿಕೊಂಡರು. ಹಿಂದಿನ ರಾತ್ರಿಯ ಸ್ವಾಗತ ಸಭೆಯಲ್ಲಿ ಇದರ ಒಂದು ಮಾತೂ ಬಂದಿರಲಿಲ್ಲ. ನಮ್ಮಲ್ಲೂ ಅದೇ ಕಥೆ ಅಂದೆ. ಆ ಬೆಳಿಗ್ಗೆಯಿಂದಲೇ ನಾವು ನಿಜವಾಗಿ ಪರಿಚಯವಾದೆವು.

ಇದರಲ್ಲಿ ಬರೀ ಭಾವನೆಯ ಮಾತಿಲ್ಲ, ಲೆಕ್ಕದ ಮಾತೂ ಇದೆ. ರೋಟರಿಯ ಗ್ಲೋಬಲ್ ಗ್ರಾಂಟ್ (ದೊಡ್ಡ ಸೇವಾ ಕೆಲಸಕ್ಕೆ ಸಿಗುವ ಅನುದಾನ) ಬೇಕಾದರೆ ಕನಿಷ್ಠ 30,000 ಡಾಲರ್ ಬಜೆಟ್ಟಿನ ಪ್ರಾಜೆಕ್ಟ್ ಇರಬೇಕು. ಕೆಲಸ ನಡೆಯುವ ದೇಶದವರು ಒಬ್ಬರು, ಹೊರದೇಶದವರು ಇನ್ನೊಬ್ಬರು, ಹೀಗೆ ಎರಡು ಕಡೆಯವರೂ ಸೇರಲೇಬೇಕು. ಆ ಜಾಗದ ಜನಕ್ಕೆ ಏನು ಬೇಕು ಅಂತ ಮೊದಲೇ ವಿಚಾರಿಸಿರಬೇಕು. ಅರ್ಜಿ ತುಂಬುವಾಗ ಗಡಿಬಿಡಿಯಲ್ಲಿ ಇಂಟರ್ನೆಟ್ಟಿನಲ್ಲಿ ಪಾಲುದಾರರನ್ನು ಹುಡುಕುವುದಕ್ಕೂ, ಅವರ ಮನೆಯಲ್ಲಿ ಉಂಡು, ಅವರು ಕೆಲಸ ಮಾಡುವ ರೀತಿ ಕಣ್ಣಾರೆ ಕಂಡು ಕೈ ಜೋಡಿಸುವುದಕ್ಕೂ ಎಷ್ಟು ವ್ಯತ್ಯಾಸ! ಫ್ರೆಂಡ್‌ಶಿಪ್ ಎಕ್ಸ್‌ಚೇಂಜ್‌ ಅನ್ನುವ, ಬೇರೆ ಬೇರೆ ದೇಶದ ರೋಟರಿ ಸದಸ್ಯರು ಒಬ್ಬರಲ್ಲಿಗೊಬ್ಬರು ಹೋಗಿಬರುವ ಕಾರ್ಯಕ್ರಮದಲ್ಲಿ ಸ್ವಂತ ಖರ್ಚಿನಲ್ಲಿ ಹೋಗಿ ಆತಿಥೇಯರ ಮನೆಯಲ್ಲೇ ಉಳಿಯುವ ಪದ್ಧತಿ ನನಗೆ ಇಷ್ಟ ಆಗುವುದೂ ಇದಕ್ಕೇ.

ಇದೆಲ್ಲ ಕೋಟು ಹಾಕಿಕೊಂಡು ಮಾಡುವ ಪ್ರವಾಸ ಅಂತ ಹೇಳುವವರಿದ್ದಾರೆ. ಅವರು ಪೋಲಿಯೋ ಕೆಲಸವನ್ನು ನೋಡಬೇಕು. 1985ರಲ್ಲಿ ಪೋಲಿಯೋ ತೊಲಗಿಸಲು ರೋಟರಿಯ ಪೋಲಿಯೋಪ್ಲಸ್ ಕಾರ್ಯಕ್ರಮ ಶುರುವಾದ ಮೇಲೆ ಎಷ್ಟೋ ದೇಶಗಳ ಸದಸ್ಯರು ಭಾರತಕ್ಕೆ ಬಂದರು. ಇಕ್ಕಟ್ಟಾದ ಗಲ್ಲಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರ ಜೊತೆ ಮನೆ ಮನೆ ಸುತ್ತಿ ಮಕ್ಕಳ ಬಾಯಿಗೆ ಎರಡು ಹನಿ ಹಾಕಿದರು. ಮುಖ್ಯ ಭಾರ ಹೊತ್ತವರು ಇಲ್ಲಿನ ಕಾರ್ಯಕರ್ತೆಯರೇ, ಅದನ್ನು ಮರೆಯಬಾರದು. ಆದರೆ ಬಂದವರು ತಮ್ಮೂರಿಗೆ ವಾಪಸ್ ಹೋಗಿ ಕಂಡದ್ದನ್ನು ಹೇಳಿದರು, ಹಣ ಕೂಡಿಸಿದರು. 2011ರ ಜನವರಿಯಲ್ಲಿ ಹೌರಾದ ಮಗುವಿನಲ್ಲಿ ಕಂಡದ್ದೇ ಇಲ್ಲಿನ ಕೊನೆಯ ವೈಲ್ಡ್ ಪೋಲಿಯೋ (ಸಹಜವಾಗಿ ಹರಡುವ ವೈರಸ್ಸಿನ ಪೋಲಿಯೋ) ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತ ಅನ್ನುವ ಪ್ರಮಾಣಪತ್ರ ಸಿಕ್ಕಿತು. ಇಂಥದ್ದನ್ನು ಪ್ರವಾಸ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಹೊರಡುವ ಮುಂಚೆ ಅಲ್ಲಿನ ಕಾರ್ಯದರ್ಶಿಗೆ ಒಂದು ಮೇಲ್ ಹಾಕಿ. ಊರು ತೋರಿಸಿ ಅಂತ ಕೇಳುವ ಬದಲು, ನೀವೀಗ ಮಾಡುತ್ತಿರುವ ಕೆಲಸ ತೋರಿಸಿ, ಅರ್ಧಕ್ಕೆ ನಿಂತದ್ದಿದ್ದರೆ ಅದನ್ನೂ ತೋರಿಸಿ ಅಂತ ಕೇಳಿ. ಬಂದ ಮೇಲೆ ನಮ್ಮ ಕ್ಲಬ್ಬಿನಲ್ಲಿ ಬರೀ ಸ್ಲೈಡ್ ಹಾಕಿ ಬಿಡಬೇಡಿ. ಅವರಿಂದ ನಾವು ಏನು ಕಲಿಯಬಹುದು, ಅವರಿಗೆ ಏನು ಕೊಡಬಹುದು, ಮುಂದೆ ಅವರ ಜೊತೆ ಸಂಪರ್ಕದಲ್ಲಿ ಇರುವವರು ಯಾರು ಅನ್ನುವುದನ್ನು ಅದೇ ಮೀಟಿಂಗಿನಲ್ಲಿ ತೀರ್ಮಾನಿಸಿ. ಅಧ್ಯಕ್ಷರು ಪ್ರತಿ ವರ್ಷ ಜುಲೈನಲ್ಲಿ ಬದಲಾಗುತ್ತಾರೆ. ಆ ಹೊಣೆ ಯಾರ ಹೆಸರಲ್ಲೂ ಇಲ್ಲದಿದ್ದರೆ ಮುಂದಿನ ಜುಲೈ ಹೊತ್ತಿಗೆ ಆ ಸಂಬಂಧವೇ ಮರೆತುಹೋಗಿರುತ್ತದೆ. ಮತ್ತೆ ಹೊರಗಿನವರು ನಮ್ಮಲ್ಲಿಗೆ ಬಂದಾಗಲೂ ಅಷ್ಟೇ. ಹಾರ, ಶಾಲು, ಉದ್ದುದ್ದ ಭಾಷಣ ಸ್ವಲ್ಪ ಕಡಿಮೆ ಮಾಡಿ, ನಮ್ಮ ಪ್ರಾಜೆಕ್ಟ್ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗೋಣ.