‘ಅನಾಪೊಲಿಸ್’ ಸೋತಿದ್ದು ಫಾರ್ಮುಲಾದಿಂದಲ್ಲ

ನಿನ್ನೆ ರಾತ್ರಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಗೆಳೆಯನೊಬ್ಬ 2006ರ ‘ಅನಾಪೊಲಿಸ್’ ಸಿನಿಮಾದ ತುಣುಕು ಹಾಕಿ, ‘ವಿಮರ್ಶಕರು ಸೇರಿ ಕೊಂದ ಒಳ್ಳೆ ಸಿನಿಮಾ, ಶಿಸ್ತು ಅಂದ್ರೆ ಏನು ಅಂತ ಮಕ್ಕಳಿಗೆ ತೋರಿಸಿ’ ಎಂದು ಬರೆದಿದ್ದ. ಕೆಳಗೆ ಸಾಲುಸಾಲು ಹೆಬ್ಬೆರಳು. ಮಿಲಿಟರಿ ಶಾಲೆಯ ಹಾಸ್ಟೆಲಿನಲ್ಲೇ ಬೆಳೆದವರು ನಾವು. ನಮಗೇ ಹೀಗನ್ನಿಸಿದರೆ ಹೊರಗಿನವರಿಗೆ ಏನು ಹೇಳೋಣ ಅಂತ ಸಿಟ್ಟು ಬಂತು. ಹಿಂದೊಮ್ಮೆ ನೋಡಿದ್ದ ಸಿನಿಮಾವನ್ನು ಮತ್ತೆ ಕೂತು ಪೂರ್ತಿ ನೋಡಿದೆ. ಸಿಟ್ಟು ಇಳಿಯಲಿಲ್ಲ. ಗ್ರೂಪಿನಲ್ಲಿ ಬರೆದರೆ ಜಗಳವಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗೆ ಕತೆ ಹೇಳುತ್ತೇನೆ. ಅಮೆರಿಕದ ಮೇರಿಲ್ಯಾಂಡಿನ ಅನಾಪೊಲಿಸ್‌ನಲ್ಲಿ 1845ರಿಂದ ನೌಕಾ ಅಕಾಡೆಮಿ ಇದೆ. ನೀರಿನ ಈಚೆ ದಡದಲ್ಲಿ ಹಡಗು ಕಟ್ಟುವ ಯಾರ್ಡಿನ ಕೂಲಿ ಹುಡುಗ ಜೇಕ್, ಅಂದರೆ ಜೇಮ್ಸ್ ಫ್ರಾಂಕೊ. ತೀರಿಹೋದ ಅಮ್ಮನಿಗೆ ಕೊಟ್ಟ ಮಾತು, ಮಗನ ಮೇಲೆ ನಂಬಿಕೆಯಿಲ್ಲದ ಅಪ್ಪ, ಕೊನೇ ಗಳಿಗೆಯಲ್ಲಿ ಸಿಕ್ಕ ಸೀಟು. ಬಾರಿನಲ್ಲಿ ಕಂಡ ಹುಡುಗಿ ಮರುದಿನ ಯೂನಿಫಾರ್ಮಿನಲ್ಲಿ ಎದುರು ನಿಲ್ಲುತ್ತಾಳೆ, ಅವನಿಗಿಂತ ಹಿರಿಯಳಾಗಿ. ಜೀವ ಹಿಂಡುವ ಸೀನಿಯರ್ ಕೋಲ್, ಟೈರೀಸ್ ಗಿಬ್ಸನ್. ರೂಮಿನಲ್ಲೊಬ್ಬ ದಪ್ಪ ಹುಡುಗ, ಎಲ್ಲರೂ ಅವನನ್ನು ‘ಟ್ವಿನ್ಸ್’ ಅಂತ ಕರೆಯುತ್ತಾರೆ. ಕೊನೆಗೆ ಬಾಕ್ಸಿಂಗ್ ರಿಂಗಿನಲ್ಲಿ ಜೇಕ್ ಮತ್ತು ಕೋಲ್. ಮುಂದೇನಾಗುತ್ತದೆ ಅಂತ ಹತ್ತು ನಿಮಿಷಕ್ಕೊಮ್ಮೆ ನೀವೇ ಹೇಳುತ್ತಾ ಹೋಗಬಹುದು.

‘ವಿಮರ್ಶಕರು ಕೊಂದರು’ ಅನ್ನುವ ಮಾತು ಮೊದಲು ಬಿಡಿ. ವಿಮರ್ಶೆಗಳನ್ನು ಒಟ್ಟುಗೂಡಿಸಿ ಅಂಕ ಕೊಡುವ ರಾಟನ್ ಟೊಮ್ಯಾಟೋಸ್ ಜಾಲತಾಣದಲ್ಲಿ ಇದಕ್ಕೆ ಸಿಕ್ಕಿದ್ದು ಶೇಕಡಾ 10ರ ಆಸುಪಾಸು, ನಿಜ. ಅಮೆರಿಕದ ಹೆಸರಾಂತ ವಿಮರ್ಶಕ ರೋಜರ್ ಎಬರ್ಟ್ ಮುಲಾಜಿಲ್ಲದೆ ಬೈದದ್ದೂ ನಿಜ. ಆದರೆ ಆ ಎಬರ್ಟ್ ಈ ನಿರ್ದೇಶಕನಿಗೆ ಯಾರು ಅನ್ನುವುದು ನಮ್ಮ ಗ್ರೂಪಿನಲ್ಲಿ ಎಷ್ಟು ಜನಕ್ಕೆ ಗೊತ್ತು? ನಿರ್ದೇಶಕ ಜಸ್ಟಿನ್ ಲಿನ್ ಕ್ರೆಡಿಟ್ ಕಾರ್ಡ್ ಉಜ್ಜಿ ಸಾಲ ಮಾಡಿ ‘ಬೆಟರ್ ಲಕ್ ಟುಮಾರೊ’ ತೆಗೆದು 2002ರ ಸಂಡಾನ್ಸ್ ಚಿತ್ರೋತ್ಸವಕ್ಕೆ ತಂದಿದ್ದರು. ಏಷ್ಯಾ ಮೂಲದ ಜಾಣ ಹುಡುಗರು ಅಪರಾಧಕ್ಕಿಳಿಯುವ ಕತೆ ಅದು. ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕನೊಬ್ಬ ಎದ್ದು, ನಿಮ್ಮ ಸಮುದಾಯವನ್ನು ಹೀಗೆ ತೋರಿಸುವುದು ಸರಿಯೇ ಅಂತ ದಬಾಯಿಸಿದ. ಆಗ ಸಭೆಯ ನಡುವಿನಿಂದ ಎದ್ದು ನಿಂತು ಆ ಪ್ರಶ್ನೆಯನ್ನೇ ತರಾಟೆಗೆ ತೆಗೆದುಕೊಂಡವರು ಎಬರ್ಟ್. ಬಿಳಿಯರ ಸಿನಿಮಾಕ್ಕೆ ಯಾರೂ ಈ ಮಾತು ಕೇಳುವುದಿಲ್ಲ, ಆ ಪಾತ್ರಗಳು ತಮಗೆ ಬೇಕಾದಂತೆ ಇರಬಹುದು ಅನ್ನುವುದು ಅವರ ವಾದವಾಗಿತ್ತು. ಅಂಥ ಹಿತೈಷಿಯೇ ನಾಲ್ಕು ವರ್ಷದ ಮೇಲೆ ಈ ಸಿನಿಮಾವನ್ನು ಕಿತ್ತೊಗೆದರು ಅಂದರೆ ಅದರಲ್ಲಿ ದ್ವೇಷ ಎಲ್ಲಿಂದ ಬರಬೇಕು? ತನ್ನದೇ ಕಣ್ಣಿದ್ದ ಹುಡುಗ ಯಾರದೋ ಕಣ್ಣಿನಿಂದ ಸಿನಿಮಾ ತೆಗೆದನಲ್ಲ ಅನ್ನುವ ಸಂಕಟ ಎಂದೇ ನಾನು ಅದನ್ನು ಓದಿಕೊಂಡಿದ್ದೇನೆ.

‘ಜನಕ್ಕೆ ಇಷ್ಟ ಆಗಿತ್ತು, ಬುದ್ಧಿವಂತರಿಗೆ ಆಗಲಿಲ್ಲ’ ಎಂದು ಇನ್ನೊಬ್ಬ ಬರೆದಿದ್ದಾನೆ. ಖರ್ಚು ಸುಮಾರು 2.6 ಕೋಟಿ ಡಾಲರ್. ಇಡೀ ಪ್ರಪಂಚದಲ್ಲಿ ಗಳಿಸಿದ್ದು ಸುಮಾರು 1.7 ಕೋಟಿ. ಜನರೂ ಬರಲಿಲ್ಲ ಕಣಯ್ಯಾ.

ಇಷ್ಟು ಹೇಳಿದ ಮೇಲೂ ನನ್ನ ಜಗಳ ಮುಗಿಯುವುದಿಲ್ಲ, ಯಾಕೆಂದರೆ ನನಗೆ ವಿಮರ್ಶಕರ ಮೇಲೂ ತಕರಾರಿದೆ. ಅವರಲ್ಲಿ ಬಹಳ ಜನ ‘ಇದನ್ನು ಎಷ್ಟು ಸಲ ನೋಡಿಲ್ಲ’ ಎಂದು ಮುದ್ರೆ ಒತ್ತಿ ಕೈತೊಳೆದುಕೊಂಡರು. ಎಷ್ಟೋ ಸಲ ನೋಡಿದ್ದೇವೆ, ಅದರಿಂದ ಏನಾಯಿತು? ಬಡವರ ಹುಡುಗ, ಕಟುಕ ಗುರು, ಕೊನೆಗೊಂದು ಪರೀಕ್ಷೆ. ಈ ಕತೆ ಇನ್ನೂ ನೂರು ಸಲ ಬಂದರೂ ನಾನು ನೋಡುತ್ತೇನೆ. ಯಕ್ಷಗಾನದಲ್ಲಿ ಕೊನೆಗೆ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ಜನ ಬೆಳಗಿನ ತನಕ ಕೂರುತ್ತಾರೆ. ನನಗೆ ಬೇಕಾದ್ದು ಒಂದೇ, ಆ ಜಾಗವನ್ನು ಕಣ್ಣುಬಿಟ್ಟು ನೋಡಿರಬೇಕು. ಈ ಸಿನಿಮಾ ಅಕಾಡೆಮಿಯ ಹೆಸರನ್ನೇ ತಲೆಗೆ ಕಟ್ಟಿಕೊಂಡಿದೆ, ಅಕಾಡೆಮಿಯನ್ನು ಮಾತ್ರ ನೋಡಿಲ್ಲ.

1982ರ ‘ಆನ್ ಆಫೀಸರ್ ಅಂಡ್ ಎ ಜೆಂಟಲ್‌ಮ್ಯಾನ್’ ತೆಗೆದುಕೊಳ್ಳಿ. ಅದೇ ಅಚ್ಚು, ಅದೇ ಎರಕ. ಆದರೆ ಅಲ್ಲಿ ರಿಚರ್ಡ್ ಗೇರ್ ಮಾಡಿದ ಮೇಯೊ ಅನ್ನುವ ಹುಡುಗ ಏನು ಮಾಡುತ್ತಾನೆ? ಪಾಲಿಶ್ ಮಾಡಿದ ಬೂಟು, ಮಿರಿಮಿರಿ ಉಜ್ಜಿದ ಬೆಲ್ಟಿನ ಬಕಲ್ಲು ಎಲ್ಲ ಛಾವಣಿಯ ಸಂದಿಯಲ್ಲಿ ಬಚ್ಚಿಟ್ಟು, ಇನ್‌ಸ್ಪೆಕ್ಷನ್ ದಿನ ಜೊತೆಯವರಿಗೇ ದುಡ್ಡಿಗೆ ಕೊಡುತ್ತಾನೆ. ಆ ಒಂದು ದೃಶ್ಯ ಸಾಕು. ಹಿತ್ತಾಳೆ ಪಾಲಿಶ್ ಬ್ರಾಸೋ ಹಚ್ಚಿ ಬಕಲ್ಲು ಉಜ್ಜಿ ಬೆರಳ ತುದಿ ಕಪ್ಪಾದವರಿಗೆ ಅವನು ಎಂಥ ಆಸಾಮಿ, ಎಲ್ಲಿಂದ ಬಂದವನು, ಯಾಕೆ ಯಾರನ್ನೂ ನಂಬುವುದಿಲ್ಲ ಎಲ್ಲ ಅರ್ಥವಾಗಿಬಿಡುತ್ತದೆ. ಜೇಕ್ ಬಗ್ಗೆ ಇಂಥದ್ದೊಂದು ಹೇಳಿ ನೋಡೋಣ. ಹಡಗಿನ ಕಬ್ಬಿಣ ಜೋಡಿಸಿ ಬಂದವನು. ಆ ಕೈಗಳಿಗೆ ಹಡಗಿನ ಬಗ್ಗೆ ತರಗತಿಯ ಯಾವ ಹುಡುಗನಿಗೂ ಗೊತ್ತಿರದ ನೂರು ವಿಷಯ ಗೊತ್ತಿರಬೇಕು. ಸಿನಿಮಾ ಆ ಕೈಗಳಿಗೆ ಗ್ಲೌಸ್ ಹಾಕಿ ಗುದ್ದಲು ಕಳಿಸುತ್ತದೆ.

ಎರಡೂ ಸಿನಿಮಾದಲ್ಲಿ ಅಬ್ಸ್ಟಕಲ್ ಕೋರ್ಸ್, ಅಂದರೆ ಅಡೆತಡೆ ದಾಟುವ ಓಟ ಇದೆ. ಹಳೆಯದರಲ್ಲಿ ಸೀಗರ್ ಎಂಬ ಹುಡುಗಿಗೆ ಗೋಡೆ ಹತ್ತಲು ಆಗುವುದಿಲ್ಲ. ದಾಖಲೆ ಮುರಿಯುವ ಓಟದಲ್ಲಿದ್ದ ಮೇಯೊ ಅದನ್ನು ಬಿಟ್ಟು ತಿರುಗಿ ಬಂದು, ಅವಳ ಪಕ್ಕ ನಿಂತು ಕೂಗಿ ಕೂಗಿ ಹತ್ತಿಸುತ್ತಾನೆ. ತನ್ನನ್ನು ಬಿಟ್ಟು ಇನ್ನೊಬ್ಬರ ಕಡೆ ಅವನು ಮುಖ ತಿರುಗಿಸಿದ್ದೇ ಅಲ್ಲಿ. ‘ಅನಾಪೊಲಿಸ್’ನಲ್ಲಿ ಟ್ವಿನ್ಸ್‌ಗೂ ಆ ಕೋರ್ಸ್ ಮುಗಿಸಲು ಆಗುವುದಿಲ್ಲ. ಹಂಗಿಸಿಕೊಳ್ಳುತ್ತಾನೆ, ಸೋಲುತ್ತಾನೆ, ಕೊನೆಗೆ ಪ್ರಾಣ ಕಳೆದುಕೊಳ್ಳಲು ಹೋಗುತ್ತಾನೆ. ಆಮೇಲೆ? ನಾಯಕನಿಗೆ ರಿಂಗಿಗಿಳಿಯಲು ಛಲ ಬರುತ್ತದೆ. ಒಬ್ಬ ಹುಡುಗ ಸಾವಿನ ತನಕ ಹೋಗಿಬಂದದ್ದು ಇನ್ನೊಬ್ಬನ ತಾಲೀಮಿಗೆ ಉಪ್ಪು-ಖಾರ. ನನ್ನ ಸಿಟ್ಟಿನ ಬೇರು ಇಲ್ಲಿದೆ. ಇದನ್ನು ಯಾರೂ ‘ಶಿಸ್ತು’ ಅಂತ ನನ್ನ ಮುಂದೆ ಹೇಳಬೇಡಿ.

ನಮ್ಮ ಡಾರ್ಮಿನಲ್ಲೂ ಅಂಥವನೊಬ್ಬ ಇದ್ದ. ಹೆಸರು ಬೇಡ, ಬ್ಯಾಚಿನವರಿಗೆ ಗೊತ್ತು. ದಿನಾ ಸಂಜೆ ಸೀನಿಯರುಗಳ ರಗಡಾ ಅನ್ನುವ ಶಿಕ್ಷೆ, ಕಾಂಕ್ರೀಟಿನ ಮೇಲೆ ಫ್ರಂಟ್ ರೋಲ್, ಬೆನ್ನಿನ ಮೂಳೆಯುದ್ದಕ್ಕೂ ಸುಲಿದ ಚರ್ಮ. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ. ದಸರಾ ರಜೆಗೆ ಹೋದವನು ಬರಲಿಲ್ಲ, ಅವನ ಅಪ್ಪ ಬಂದು ಟ್ರಂಕು ತೆಗೆದುಕೊಂಡು ಹೋದರು. ಅದರಿಂದ ನಮ್ಮಲ್ಲಿ ಯಾರೂ ಗಟ್ಟಿಯಾಗಲಿಲ್ಲ. ಒಬ್ಬ ಒಳ್ಳೆಯ ಅಧಿಕಾರಿ ಕೈತಪ್ಪಿದ, ಅಷ್ಟೆ.

‘ನೌಕಾಪಡೆ ಸಹಕಾರ ಕೊಡಲಿಲ್ಲ, ಪಾಪ ಅವರೇನು ಮಾಡ್ತಾರೆ’ ಅನ್ನುವ ಸಮಜಾಯಿಷಿಯನ್ನೂ ಕೇಳಿದ್ದೇನೆ. ಚಿತ್ರೀಕರಣ ಅನಾಪೊಲಿಸ್‌ನಲ್ಲಿ ಆಗಲಿಲ್ಲ, ಫಿಲಡೆಲ್ಫಿಯಾದ ಗಿರಾರ್ಡ್ ಕಾಲೇಜಿನಲ್ಲಿ ಆಯಿತು ಅನ್ನುವುದು ಸರಿ. 1982ರ ಸಿನಿಮಾಕ್ಕೂ ನೌಕಾಪಡೆ ಕೈಕೊಟ್ಟಿತ್ತು. ಅವರು ವಾಷಿಂಗ್ಟನ್ ರಾಜ್ಯದ ಫೋರ್ಟ್ ವರ್ಡನ್ ಎಂಬ ಹಳೇ ಕೋಟೆಯಲ್ಲಿ ತೆಗೆದರು. ಡ್ರಿಲ್ ಸಾರ್ಜೆಂಟ್ ಆಗಿ ಮಾಡಿದ ಲೂಯಿ ಗಾಸೆಟ್‌ಗೆ ಆಸ್ಕರ್ ಬಂತು. ಗೇಟು ಮುಚ್ಚಿದ್ದರೆ ಕ್ಯಾಮೆರಾ ಒಳಗೆ ಹೋಗದಿರಬಹುದು, ವಿಚಾರಿಸಿ ತಿಳಿದುಕೊಳ್ಳಲು ಯಾರು ಅಡ್ಡಿ ಮಾಡಿದ್ದರು?

ತಿಳಿಯುವುದಕ್ಕೆ ಅಲ್ಲೇನು ಕಡಿಮೆ ಇತ್ತೇ! ಮೊದಲ ವರ್ಷದವರನ್ನು ಅಲ್ಲಿ ‘ಪ್ಲೀಬ್’ ಅನ್ನುತ್ತಾರೆ. ಬ್ಯಾಂಕ್ರಾಫ್ಟ್ ಹಾಲ್ ಎಂಬ ಒಂದೇ ಹಾಸ್ಟೆಲಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ವಾಸ. ಊಟಕ್ಕೆ ಮುಂಚೆ ಪ್ಲೀಬುಗಳು ಕಾರಿಡಾರಿನಲ್ಲಿ ಗೋಡೆಗಂಟಿ ನಿಂತು, ಸಾಲುಗಟ್ಟಿ ನಿಲ್ಲುವ ಫಾಲ್ ಇನ್‌ಗೆ ಇನ್ನೆಷ್ಟು ನಿಮಿಷ, ಊಟಕ್ಕೇನಿದೆ ಅಂತ ತಡವರಿಸದೆ ಗಂಟಲು ಹರಿಯುವಂತೆ ಕೂಗಬೇಕು. ವರ್ಷದ ಕೊನೆಗೆ ಹರ್ನ್‌ಡನ್ ಸ್ಮಾರಕ, 21 ಅಡಿಯ ಕಲ್ಲುಕಂಬ. ಅದಕ್ಕೆ ಜಿಡ್ಡು ಬಳಿದಿರುತ್ತಾರೆ. ಒಬ್ಬರ ಹೆಗಲ ಮೇಲೊಬ್ಬರು ನಿಂತು, ಜಾರಿ, ಬಿದ್ದು, ಮತ್ತೆ ಕಟ್ಟಿಕೊಂಡು, ತುದಿಯಲ್ಲಿರುವ ಪ್ಲೀಬ್ ಟೋಪಿ ತೆಗೆದು ಹಿರಿಯ ವಿದ್ಯಾರ್ಥಿಗಳ ಟೋಪಿ ಇಡಬೇಕು. ಒಬ್ಬನೇ ಎಷ್ಟೇ ಗಟ್ಟಿಗನಾದರೂ ಆ ಕಂಬ ಹತ್ತಲಾರ. ಕ್ಲೈಮ್ಯಾಕ್ಸ್ ಅಲ್ಲಿ ಇಟ್ಟಿದ್ದರೆ ಟ್ವಿನ್ಸ್‌ನ ಅಗಲ ಹೆಗಲಿಗೂ ಒಂದು ಕೆಲಸ ಇರುತ್ತಿತ್ತು. ಬಾಕ್ಸಿಂಗ್ ಸುಳ್ಳಲ್ಲ, ಅಲ್ಲಿ ನಿಜಕ್ಕೂ ದೊಡ್ಡ ಬಾಕ್ಸಿಂಗ್ ಪಂದ್ಯಾವಳಿ ನಡೆಯುತ್ತದೆ. ಆದರೆ ಗುದ್ದಾಟ ಯಾವ ಊರಿನ ಜಿಮ್ಮಿನಲ್ಲಾದರೂ ಸಿಗುತ್ತದೆ.

ಇನ್ನು ದಲಿತ-ದಮನಿತ ಹುಡುಗನೊಬ್ಬ ಗೆಲ್ಲುವ ಕತೆಯೇ ಬೇಕಿತ್ತು ಅಂದರೆ ಅದೂ ಅದೇ ಅಂಗಳದಲ್ಲಿತ್ತು. ವೆಸ್ಲಿ ಬ್ರೌನ್, ಆ ಅಕಾಡೆಮಿಯಿಂದ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್, 1949ರಲ್ಲಿ. ಅವರಿಗೂ ಮುಂಚೆ ಸೇರಿದ್ದ ಐವರು ಕಪ್ಪು ಹುಡುಗರಲ್ಲಿ ಒಬ್ಬರಿಗೂ ಮುಗಿಸಲಾಗಲಿಲ್ಲ. ಬ್ರೌನ್‌ಗೂ ಸೀನಿಯರುಗಳು ಇಲ್ಲದ ತಪ್ಪು ಹುಡುಕಿ ಡಿಮೆರಿಟ್ (ತಪ್ಪಿಗೆ ಹಾಕುವ ಕಪ್ಪುಚುಕ್ಕೆ) ಮೇಲೆ ಡಿಮೆರಿಟ್ ಬರೆದರು. ಅವರ ಜೊತೆ ಕ್ರಾಸ್ ಕಂಟ್ರಿ ತಂಡದಲ್ಲಿ ಓಡುತ್ತಿದ್ದ ಹಿರಿಯ ವಿದ್ಯಾರ್ಥಿಯೊಬ್ಬ ಬೆನ್ನಿಗೆ ನಿಂತ. ಅವನ ಹೆಸರು ಜಿಮ್ಮಿ ಕಾರ್ಟರ್, ಮುಂದೆ ದೇಶದ ಅಧ್ಯಕ್ಷ. ಈ ಸಿನಿಮಾದಲ್ಲಿ ಬಿಳಿ ಹುಡುಗನನ್ನು ಹಿಂಡುವ ಸೀನಿಯರ್ ಒಬ್ಬ ಕಪ್ಪು ಅಧಿಕಾರಿ. ಆ ಜಾಗಕ್ಕೆ ಅವನು ಹೇಗೆ ಬಂದ, ಏನು ನುಂಗಿಕೊಂಡು ಬಂದ ಅಂತ ಕೇಳಿದ್ದರೆ ಸಾಕಿತ್ತು, ಕೋಲ್ ಮನುಷ್ಯನಾಗುತ್ತಿದ್ದ. ಟೈರೀಸ್ ಅದನ್ನು ಖಂಡಿತ ಮಾಡಬಲ್ಲವರಾಗಿದ್ದರು, ದವಡೆ ಬಿಗಿದು ನಿಲ್ಲುವುದನ್ನು ಬಿಟ್ಟು ಅವರಿಗೆ ಬೇರೆ ಕೆಲಸವನ್ನೇ ಕೊಟ್ಟಿಲ್ಲ.

ಲಿನ್ ಬಗ್ಗೆ ನನಗೆ ಕೋಪವಿಲ್ಲ. ಅದೇ ವರ್ಷ ‘ಟೋಕಿಯೊ ಡ್ರಿಫ್ಟ್’ ತೆಗೆದರು. ಅದೂ ಹೊಸ ಶಾಲೆಗೆ ಬಂದ ಹುಡುಗನ ಅಚ್ಚಿನ ಕತೆಯೇ, ಆದರೆ ಕಾರು ಅಡ್ಡಡ್ಡ ಜಾರುವಾಗ ಟೈರಿನ ಹೊಗೆ ಮೂಗಿಗೆ ಬಡಿಯುತ್ತದೆ.

ಶಿಸ್ತು ಕಲಿಸಲು ಮಕ್ಕಳಿಗೆ ಇದನ್ನು ತೋರಿಸಿ ಅಂದವನೇ, ನಿನ್ನ ಮಗನಿಗೆ ಈಗ ಹದಿನಾಲ್ಕು. ಅವನು ಟ್ವಿನ್ಸ್ ತರಹ ಇದ್ದಾನೋ ಕೋಲ್ ತರಹ ಇದ್ದಾನೋ ನನಗೆ ಗೊತ್ತಿಲ್ಲ. ತೋರಿಸುವುದೇ ಆದರೆ 1982ರದ್ದರ ಆ ಗೋಡೆ ದೃಶ್ಯ ಮೊದಲು ನೀನೊಬ್ಬನೇ ಕೂತು ನೋಡು. ಆಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಜಗಳ ಆಡೋಣ.