ಪೂಜಾರಿಯನ್ನು ಬೈಯುವ ಮೊದಲು

ನಾನು ಕೆಲಸ ಮಾಡುವುದು ಇಂಗ್ಲೆಂಡಿನಲ್ಲಿ, ಜಮೀನಿನ ಯಜಮಾನರ ಪರವಾಗಿ ಗೇಣಿ, ರಿಪೇರಿ ಎಲ್ಲ ನೋಡಿಕೊಳ್ಳುವ ಏಜೆಂಟರ ಆಫೀಸಿನಲ್ಲಿ. ಮೊನ್ನೆ ಸೆಪ್ಟೆಂಬರ್ 29, ನಮ್ಮಲ್ಲಿ ಗೇಣಿ ಕಟ್ಟುವ ದಿನ. ಇಲ್ಲಿ ಇದಕ್ಕೆ ಮಿಕಲ್ಮಸ್ ಅಂತಾರೆ. ಇನ್ನೊಂದು ಕಂತು ಮಾರ್ಚ್ 25ಕ್ಕೆ, ಲೇಡಿ ಡೇ ದಿನ. ಇಂಗ್ಲೆಂಡಿನ ಹಳೇ ಗೇಣಿಯೆಲ್ಲ ಈ ಎರಡು ತಾರೀಕಿನ ಸುತ್ತಲೇ ತಿರುಗುತ್ತದೆ. ಈಗ ಬಹುತೇಕ ಎಲ್ಲರೂ ಬ್ಯಾಂಕಿನಿಂದಲೇ ಹಣ ಕಳಿಸುತ್ತಾರೆ. ಒಕ್ಕಲು ಅಜ್ಜ ಒಬ್ಬರು ಮಾತ್ರ ಇವತ್ತಿಗೂ ಚೆಕ್ ಹಿಡಿದುಕೊಂಡು ಬರುತ್ತಾರೆ.

ಬಾಗಿಲ ಹೊರಗೆ ಬೂಟು ಕಳಚಿಟ್ಟು, ಬರೀ ಕಾಲುಚೀಲದಲ್ಲಿ ಒಳಗೆ ಬಂದರು. ಹಿಂಡಿ ತಂದ ಬಿಲ್ಲಿನೊಳಗೆ ಚೆಕ್ ಮಡಿಸಿಟ್ಟಿದ್ದರು. ಅದನ್ನು ಮೇಜಿನ ಮೇಲಿಟ್ಟು ಅಂಗೈಯಲ್ಲಿ ಎರಡು ಸಲ ಒತ್ತಿ ನೇರ ಮಾಡಿದರು. ಆಮೇಲೆ ಕರುಗಳ ಕೊಟ್ಟಿಗೆಯ ಸೂರಿನ ಬಗ್ಗೆ ಕೇಳಿದರು. ನಮ್ಮ ಏಜೆಂಟರು ತಲೆ ತಗ್ಗಿಸಿ ‘ಈ ವರ್ಷ ಆಗಲ್ಲ’ ಅಂದರು. ಅಜ್ಜ ಮರುಮಾತಾಡಲಿಲ್ಲ. ಹೊರಡುವಾಗ ನನ್ನ ಮೇಜಿನ ಹತ್ತಿರ ನಿಂತು ಮೆಲ್ಲಗೆ ಹೇಳಿದರು: ‘ಯಜಮಾನರಿಗೆ ಗೊತ್ತಿದ್ದರೆ ಹೀಗಾಗೋಕೆ ಬಿಡ್ತಿರಲಿಲ್ಲ. ಅವರು ಒಳ್ಳೆಯವರು.’

ಅವತ್ತಿನಿಂದ ನನಗೆ ಸಮಾಧಾನ ಇಲ್ಲ.

ಯಾಕೆಂದರೆ ಯಜಮಾನರಿಗೆ ಗೊತ್ತಿದೆ. ಕೊಳೆತ ತೊಲೆ, ಜಾರಿಬಿದ್ದ ಹಂಚು, ಸೋರುವ ಜಾಗದಲ್ಲಿ ಇಟ್ಟ ಬಕೆಟ್, ಎಲ್ಲದರ ಫೋಟೋ ತೆಗೆದು ಅವರಿಗೆ ಕಳಿಸಿದ್ದು ನಾನೇ. ಒಂದೇ ಸಾಲಿನ ಉತ್ತರ ಬಂತು. ಈ ವರ್ಷ ಖರ್ಚು ಬೇಡ, ಮುಂದಿನ ಸಲ ಗೇಣಿ ಎಷ್ಟು ಏರಿಸಬಹುದು ನೋಡಿ ಅಂತ. ನಾನು ಇಲ್ಲಿಗೆ ಸೇರಿ ನಾಲ್ಕು ವರ್ಷವಾಯಿತು. ಆ ಮನುಷ್ಯನನ್ನು ಒಂದು ದಿನವೂ ಈ ಊರಿನಲ್ಲಿ ನೋಡಿಲ್ಲ. ಬೈಸಿಕೊಳ್ಳುವವರು ಮಾತ್ರ ನಮ್ಮ ಏಜೆಂಟರು. ಅಂಗಡಿಯಲ್ಲಿ, ಪಬ್‌ನಲ್ಲಿ, ಚರ್ಚಿನ ಮುಂದೆ, ಎಲ್ಲೆಲ್ಲೂ ಅವರೇ ಕೆಟ್ಟವರು. ನಮ್ಮಲ್ಲೂ ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ. ನನ್ನ ಸಿಟ್ಟೆಲ್ಲ ಆ ಗಾದೆಯ ಮೇಲೆ. ದೇವರು ವರ ಕೊಟ್ಟಿದ್ದಾನೆ ಅಂತ ಹೇಳಿದ್ದಾದರೂ ಯಾರು?

ಬಾಯ್ಕಾಟ್ ಅನ್ನೋ ಪದ ಇದೇ ಫೇಸ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಸಲ ಕಾಣುತ್ತದೆ, ಅಲ್ವಾ? ಅದು ಒಬ್ಬ ಏಜೆಂಟನ ಹೆಸರು. ಚಾರ್ಲ್ಸ್ ಬಾಯ್ಕಾಟ್ ನಾರ್ಫೋಕ್‌ನ ಪಾದ್ರಿಯ ಮಗ. ಐರ್ಲೆಂಡಿನ ಮೇಯೋದಲ್ಲಿ ಲಾರ್ಡ್ ಅರ್ನ್ ಅನ್ನುವವರ ಜಮೀನು ನೋಡಿಕೊಳ್ಳುತ್ತಿದ್ದ. ಆ ಲಾರ್ಡ್ ಇದ್ದದ್ದು ದೂರದ ಫರ್ಮಾನಾದ ಕೋಟೆಮನೆಯಲ್ಲಿ. 1880ರಲ್ಲಿ ಬೆಳೆ ಸರಿಯಿಲ್ಲ, ಗೇಣಿಯಲ್ಲಿ ಶೇಕಡಾ 25 ಇಳಿಸಿ ಅಂತ ಒಕ್ಕಲುಗಳು ಕೇಳಿದರು. ಲಾರ್ಡ್ ಶೇಕಡಾ 10ಕ್ಕಿಂತ ಹೆಚ್ಚು ಇಳಿಸಲಿಲ್ಲ. ಒಕ್ಕಲೆಬ್ಬಿಸುವ ನೋಟಿಸು ಹೋಯಿತು. ಊರು ಏಜೆಂಟನಿಗೆ ಬೆನ್ನು ಹಾಕಿತು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊಲದ ಬೆಳೆ ಕೀಳಲು ಹೊರಗಿನಿಂದ 50 ಜನ ಬಂದರು. ಅವರ ಕಾವಲಿಗೆ ಸೈನಿಕರು, ಪೊಲೀಸರು ಸೇರಿ ಸುಮಾರು ಸಾವಿರ ಜನ. ಡಿಸೆಂಬರ್ ಹೊತ್ತಿಗೆ ಬಾಯ್ಕಾಟ್ ಐರ್ಲೆಂಡ್ ಬಿಟ್ಟು ಹೊರಟ.

ಬಾಯ್ಕಾಟ್ ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಒಕ್ಕಲುಗಳ ಹೋರಾಟ ನ್ಯಾಯದ್ದೇ. ಆದರೆ ಹತ್ತಕ್ಕೆ ನಿಲ್ಲಿಸಿದವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಆಮೇಲೆ 1886ರಲ್ಲಿ ಬಾಯ್ಕಾಟ್ ಸಫೋಕ್‌ನ ಫ್ಲಿಕ್ಸ್‌ಟನ್‌ನಲ್ಲಿ ಇನ್ನೊಬ್ಬ ಜಮೀನ್ದಾರರ ಏಜೆಂಟಾಗಿ ಸೇರಿ, 1897ರಲ್ಲಿ ಅಲ್ಲೇ ತೀರಿಕೊಂಡ. ಸಮಾಧಿ ಇರುವುದು ಬರ್ಗ್ ಸೇಂಟ್ ಪೀಟರ್ ಚರ್ಚಿನ ಅಂಗಳದಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕಿರಿದಾಗುತ್ತಾ ಹೋಗುವ ಇಟ್ಟಿಗೆಯ ಗೋಪುರ ಆ ಚರ್ಚಿನದು. ಹೋದ ಭಾನುವಾರ ಹೋಗಿ ಬಂದೆ. ಅಲ್ಲಿ ನಿಂತಾಗ ಕಣ್ಣ ಮುಂದೆ ಬಂದದ್ದು ನಮ್ಮ ಏಜೆಂಟರ ಮುಖ.

‘ಮಾಲೀಕರಿಗೆ ಬೇಸಾಯ ಏನು ಗೊತ್ತು, ಅದಕ್ಕೇ ಅಲ್ವಾ ಗೊತ್ತಿರುವವರನ್ನು ಇಡೋದು’ ಅಂತ ಗೆಳತಿಯೊಬ್ಬಳು ಕೇಳಿದಳು. ಸರಿ, ಒಪ್ಪಿದೆ. ಗಡಿಬೇಲಿ, ಕಾಲುವೆ, ಕಾಡು, ವಿಮೆ, ಬಾಡಿಗೆ ಮನೆಗಳ ಬಾಯ್ಲರ್, ಇದಕ್ಕೆಲ್ಲ ಅನುಭವ ಬೇಕು. ನಮ್ಮವರಿಗೆ ಅದು ಬೇಕಾದಷ್ಟಿದೆ. ಆದರೆ ಆ ಸೂರು ಸೋರುತ್ತಿರುವುದು ಅನುಭವ ಇಲ್ಲದೆ ಅಲ್ಲ. ದುಡ್ಡು ಬಿಚ್ಚುವುದಿಲ್ಲ, ಅಷ್ಟೇ.

ಅಜ್ಜನದು ಇಲ್ಲಿನ 1986ರ ಕೃಷಿ ಹಿಡುವಳಿ ಕಾಯ್ದೆಗೆ ಸೇರುವ ಹಳೇ ಗೇಣಿ. ಅದರ ಪ್ರಕಾರ ಕೊಟ್ಟಿಗೆಯ ಸೂರು, ದೊಡ್ಡ ಗೋಡೆಗಳ ರಿಪೇರಿ ಮಾಲೀಕರ ತಲೆಗೆ. ಬೇಕಿದ್ದರೆ ತಕರಾರು ಎತ್ತಬಹುದು. ಎತ್ತುವುದಿಲ್ಲ. ಯಾಕೆ ಗೊತ್ತಾ? 1984ರ ಜುಲೈಗಿಂತ ಮೊದಲಿನ ಗೇಣಿಯಾದ್ದರಿಂದ ಮಗನಿಗೆ ದಾಟಿಸಲು ಅವಕಾಶ ಇದೆ. 1995ರ ಸೆಪ್ಟೆಂಬರ್ ನಂತರದ ಹೊಸ ಕರಾರುಗಳಲ್ಲಿ ಆ ಹಕ್ಕೇ ಇಲ್ಲ. ಮಗನ ವಿಷಯ ಮುಗಿಯುವ ತನಕ ಜಗಳ ಬೇಡ ಅಂತ ಅಜ್ಜ ಬಕೆಟ್ ಇಟ್ಟುಕೊಂಡು ಕೂತಿದ್ದಾರೆ. ಹೋದ ಚಳಿಗಾಲದಲ್ಲಿ ಆ ಸೂರಿಗೆ ಹೊದಿಸಿದ ಟಾರ್ಪಾಲು ನಮ್ಮ ಏಜೆಂಟರು ಸ್ವಂತ ದುಡ್ಡಿನಲ್ಲಿ ತಂದದ್ದು. ಅದನ್ನೂ ಯಜಮಾನರೇ ಕಳಿಸಿದ್ದು ಅಂತ ಅಜ್ಜ ನಂಬಿದ್ದಾರೆ.

ಊರಿನಲ್ಲಿ ನನ್ನ ಅಜ್ಜನ ಕಥೆಯೂ ಹೀಗೆಯೇ. ಚಾಲಗೇಣಿ ಒಕ್ಕಲು, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿ. ಧಣಿಗಳು ಮಂಗಳೂರಿನಲ್ಲಿ, ಮುಡಿ ಅಕ್ಕಿ ಲೆಕ್ಕ ಹಾಕಲು ಬರುತ್ತಿದ್ದದ್ದು ಅವರ ಜಮೀನು ನೋಡಿಕೊಳ್ಳುವ ಪಾರುಪತ್ಯದವರು. ‘ಧಣಿಗಳು ದೇವರಂಥವರು ಮಗಾ, ಈ ಪಾರುಪತ್ಯದವರೇ ಸರಿಯಿಲ್ಲ’ ಅಂತ ಅಜ್ಜ ಸಾಯುವವರೆಗೂ ಹೇಳಿದರು. 1974ರ ಭೂಸುಧಾರಣೆ ಕಾನೂನು ಬಂದು, ಡಿಕ್ಲರೇಶನ್ ಕೊಟ್ಟು, ಭೂಮಿ ನಮ್ಮದಾದ ಮೇಲೂ ಹೇಳಿದರು. ಆ ಭೂಮಿ ತಪ್ಪಿಸಲು ಕೋರ್ಟಿಗೆ ಹೋದವರು ಅದೇ ಧಣಿಗಳು. ಅದನ್ನು ಅಜ್ಜನಿಗೆ ಕೊನೆಗೂ ನಂಬಿಸಲು ಆಗಲಿಲ್ಲ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ‘ಈ ವರ್ಷ ರಿಪೇರಿ ಸಾಧ್ಯವಿಲ್ಲ ಎಂದು ನಮ್ಮ ಕಚೇರಿ ತಿಳಿಸಲು ವಿಷಾದಿಸುತ್ತದೆ.’ ಇಂಥ ಪತ್ರಗಳನ್ನು ನಾಲ್ಕು ವರ್ಷದಿಂದ ಬರೆಯುತ್ತಿರುವವಳು ನಾನು. ‘ನಮ್ಮ ಕಚೇರಿ’ ಅಂತ ಬರೆದು ಬರೆದು ಯಜಮಾನರನ್ನು ಒಳ್ಳೆಯವರನ್ನಾಗಿ ಉಳಿಸಿದ್ದರಲ್ಲಿ ನನ್ನ ಕೈಯೂ ಇದೆ. ರಾತ್ರಿ ನಿದ್ದೆ ಬರದಿರುವುದು ಇದಕ್ಕೇ.

ನಿನ್ನೆ ಆ ಚೆಕ್ಕಿನ ಅಜ್ಜನಿಗೆ ಕಳಿಸಬೇಕಾದ ಪತ್ರ ಬರೆದೆ. ‘ನಮ್ಮ ಕಚೇರಿ’ ತೆಗೆದು ‘ಫೋಟೋಗಳನ್ನು ನೋಡಿದ ಮೇಲೆ ಮಾಲೀಕರು ತೀರ್ಮಾನಿಸಿದಂತೆ’ ಅಂತ ಹಾಕಿದೆ. ಏಜೆಂಟರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ‘ಸೋಮವಾರ ಸಹಿ ಮಾಡ್ತೀನಿ, ಇಲ್ಲೇ ಇರಲಿ’ ಅಂದರು.

ಪತ್ರ ಅವರ ಮೇಜಿನ ಮೇಲೇ ಇದೆ.