ಐದನೇ ತರಗತಿಯೊಳಗೇ ವಿಜ್ಞಾನ ಬೇರೆ ವಿಷಯವಾಗಬೇಕಾ?

ಪರ: ಆರನೇ ತರಗತಿವರೆಗೆ ಯಾಕೆ ಕಾಯಬೇಕು?

ನಮ್ಮ ರಾಜ್ಯದಲ್ಲಿ ಐದನೇ ತರಗತಿವರೆಗೆ ಪರಿಸರ ಅಧ್ಯಯನ. ವಿಜ್ಞಾನ ಅಂತ ಬೇರೆ ಪುಸ್ತಕ ಸಿಗೋದು ಆರನೇ ತರಗತಿಗೆ. ಅಷ್ಟೊತ್ತಿಗೆ ದಿನವಿಡೀ "ಯಾಕೆ" ಅನ್ನುತ್ತಿದ್ದ ಮಗು "ಇದು ಪರೀಕ್ಷೆಗೆ ಬರುತ್ತಾ ಮಿಸ್" ಅನ್ನೋಕೆ ಶುರು ಮಾಡಿರುತ್ತದೆ.

ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗ ಬೇಸಿಗೆ ರಜೆ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ, ಆಗ ಶಾಲೆ ಇರುತ್ತದೆ, ಮೋಡವೂ ಇರುತ್ತದೆ. ಒಂದು ವರ್ಷ ಪುಣ್ಯಕ್ಕೆ ಬಿಸಿಲು ಬಿತ್ತು. ನಾಲ್ಕನೇ ತರಗತಿ ಮಕ್ಕಳು ಊಟದ ಡಬ್ಬಿಗಳನ್ನು ಅಂಗಳದಲ್ಲಿ ಸಾಲಾಗಿ ಇಟ್ಟರು. ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಕೂತರು. ಗೆರೆಗಳು ಡಬ್ಬಿಯ ಹತ್ತಿರ ಹತ್ತಿರ ಬಂದವು. 12.20 ದಾಟಿದ ಮೇಲೆ ಗೆರೆ ಎಳೆಯೋಕೆ ನೆರಳೇ ಇಲ್ಲ! ಒಬ್ಬ ಹುಡುಗ ಡಬ್ಬಿ ಎತ್ತಿ ಅಡಿಯಲ್ಲಿ ಹುಡುಕಿದ. "ನಾಳೇನೂ ಹೀಗೇ ಆಗುತ್ತಾ ಮಿಸ್?" ಅಂದಳು ಒಬ್ಬಳು. ಮಾರನೇ ದಿನ ಅವರೆಲ್ಲ ನನಗಿಂತ ಮುಂಚೆ ಅಂಗಳದಲ್ಲಿದ್ದರು.

ಆ ವಾರ ನಾನು ಮುಗಿಸಬೇಕಿದ್ದದ್ದು ಬಸ್ಸು-ರೈಲಿನ ಪಾಠ. ನೆರಳು ನೋಡೋಕೆ ಕನ್ನಡದ ಪೀರಿಯಡ್ ತೆಗೆದುಕೊಂಡೆ. ವಿಜ್ಞಾನಕ್ಕೆ ಅಂತಲೇ ಸಮಯ ಬೇಕು ಅನ್ನೋದು ಇದಕ್ಕೇ. ಬೇಡ ಅನ್ನುವವರಿಗೆ ಮಕ್ಕಳು "ಮರ ನಮಗೆ ನೆರಳು ಕೊಡುತ್ತದೆ" ಅಂತ ಬರೆದರೆ ಸಾಕು, ಆ ನೆರಳು ಯಾಕೆ ಚಿಕ್ಕದಾಯಿತು ಅಂತ ಕೇಳಬಾರದು. ಶಿಕ್ಷಕರು ಎಲ್ಲಿದ್ದಾರೆ ಅಂತಾರೆ. ಡಬ್ಬಿ, ಬಿಸಿಲು, ಸೀಮೆಸುಣ್ಣಕ್ಕೆ ಯಾವ ಡಿಗ್ರಿ ಬೇಕು? ಮೂರನೇ ತರಗತಿಯಿಂದಲೇ ವಾರಕ್ಕೆ ಎರಡು ಪೀರಿಯಡ್ ಕೊಡಿ, ವಿಜ್ಞಾನಕ್ಕೆ ಅಂತಲೇ ಕೊಡಿ.

ವಿರೋಧ: ಇನ್ನೊಂದು ವಿಷಯ ಅಂದರೆ ಇನ್ನೊಂದು ಪರೀಕ್ಷೆ

ಚಿಕ್ಕ ಮಕ್ಕಳಿಗೆ ವಿಜ್ಞಾನ ಬೇಡ ಅಂತ ನಾನು ಹೇಳಲಾರೆ. ಈ ಬದಿಯಿಂದ ಬರೆಯಿರಿ ಅಂದಾಗ ಒಪ್ಪಿದ್ದು, "ಬೇರೆ ವಿಷಯ" ಅನ್ನೋದರ ಬಗ್ಗೆ ನಿಜವಾಗಿಯೂ ಅನುಮಾನ ಇದ್ದದ್ದಕ್ಕೆ. ಹೊಸ ವಿಷಯ ಬಂದರೆ ಹೊಸ ಪುಸ್ತಕ, ನೋಟ್ಸು, ಟೆಸ್ಟು ಬರುತ್ತವೆ. ಹಿಂದೆಯೇ ಗೈಡು, ಟ್ಯೂಷನ್ನು.

ಸಣ್ಣ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ಐದೂ ತರಗತಿ ನೋಡಿಕೊಳ್ಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಟ್ಟಿಗೇ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಅಲ್ಲಿಂದ ಬಂದವರಿಗೆ ಮತ್ತೊಂದು ವಿಷಯ ಹೊರಿಸೋಕೆ ಅವಸರ ಯಾಕೆ?

ಕೋಲಾರದ ಕಡೆಯ ಮಗುವಿಗೆ ಕೊಳವೆಬಾವಿ ನೀರು ಅಂದರೆ ಫ್ಲೋರೈಡ್, ಕಲೆಬಿದ್ದ ಹಲ್ಲು, ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತ ಅಮ್ಮ, ಎಲ್ಲಾ ಒಂದೇ ಮಾತು. ಅದರಲ್ಲಿ ವಿಜ್ಞಾನ ಇಷ್ಟು, ಸಮಾಜ ಇಷ್ಟು ಅಂತ ಎಂಟು ವರ್ಷದ ಮಗುವಿಗೆ ಪಾಲು ಮಾಡಿಕೊಡಬೇಕಾ? 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ ಪ್ರಯೋಗ ಮಾಡಿಸಿಯೇ ವಿಜ್ಞಾನ ಕಲಿಸೋಕೆ ಹೊರಟವರೂ ಹಿಡಿದದ್ದು ಆರರಿಂದ ಎಂಟನೇ ತರಗತಿಯನ್ನೇ.

ಕೇಳೋ ಮಗು ಯಾವ ಪೀರಿಯಡ್‌ನಲ್ಲಾದರೂ ಕೇಳುತ್ತದೆ. ಪರಿಸರ ಅಧ್ಯಯನದ ಅರ್ಧ ಪೀರಿಯಡ್‌ಗಳನ್ನು ಅಂಗಳದಲ್ಲೇ ಮಾಡಿ ಅಂತ ಒಂದು ಸುತ್ತೋಲೆ ಬರಲಿ, ನನಗೆ ಅಷ್ಟು ಸಾಕು.